ಬ್ಯಾಡಗಿ ಮೆಣಸಿನಕಾಯಿಗೆ ಒಂದ ಹನಿ ಮಳಿ ಬಡದಿಲ್ಲ, ಆದ್ರೂ ಒಳಗ ಬೂಸರ ಬಂದೇತಿ, ಹೆಂಗ್ರಿ?

ಎರಿಹೊಲದಾಂವ
ಎಲ್ಲಾರಿಗೂ ನಮಸ್ಕಾರ್ರಿ. ನಾ ಇಲ್ಲಿ ಬರಿಯೋದು ಕಡಿಮಿ, ಸುಮ್ಮ ಓದ್ಕೋತ ಹೋಗಾಂವ, ಇವತ್ತ ತಲಿ ಕೆಟ್ಟು ಬರಿಯಾಕತ್ತೇನಿ. ನಮ್ಮದು ಕುಂದಗೋಳ ತಾಲೂಕ, ಎರಡ ಎಕರೆ ಬ್ಯಾಡಗಿ ಕಡ್ಡಿ ತಳಿ, ಜುಲೈದಾಗ ಅಗಿ ಹಚ್ಚಿದ್ದು, ಬರೇ ಮಳಿ ಮ್ಯಾಲಿನ ಬೆಳಿ. ವಿಶಾಖ ಮಳಿ ಮುಗದ್ ಹೋತಲ್ಲಾ ಅಂತ ಧೈರ್ಯ ಮಾಡಿ ಹೋದ ವಾರ ಮೊದಲನೇ ಸಲ ಬಿಡಿಸಿದ್ವಿ, ಹಸಿಕಾಯಿ ಹನ್ನೆರಡ ಕ್ವಿಂಟಲ್ ಆತು. ಎರಡ ದಿನ ಬಿಸಲ ಚೊಲೊ ಇತ್ತು. ಮೂರನೇ ದಿನ ಸಂಜಿಮುಂದ ಮೋಡ ಕಟ್ಟಿತು, ಗಡಿಬಿಡ್ಯಾಗ ಎಲ್ಲಾ ಎಳದು ಒಂದ ಗುಂಪಿ ಮಾಡಿ ಮ್ಯಾಲ ಎರಡ ತಾಡಪತ್ರಿ ಹೊಚ್ಚಿ ಸುತ್ತಲೂ ಕಲ್ಲ ಹೇರಿದ್ವಿ. ಮಳಿ ಮೂರ ರಾತ್ರಿ ಎರಡ ಹಗಲ ಹಿಡದ್ ಹೊಡೀತು. ಒಂದ ಹನಿ ಒಳಗ ಹೋಗಿಲ್ರಿ, ನಾನs ನಾಕ ಸಲ ಬ್ಯಾಟರಿ ಹಿಡಕೊಂಡ ಹೋಗಿ ನೋಡೇನಿ. ಮಳಿ ನಿಂತ ಮುಂಜಾನೆ ತಾಡಪತ್ರಿ ತಗದ್ರ ಬಿಸಿ ಉಗಿ ಮಾರಿಗೇ ಬಡೀತು, ಹುಳಿ ಹುಳಿ ವಾಸನಿ, ಮ್ಯಾಲಿನ ಕಾಯಿ ಮೆತ್ತಗಾಗಿ ಬೆರಳಿಗೆ ಅಂಟಾಕತ್ತಿದ್ದು. ಒಂದ ಕಾಯಿ ಸೀಳಿ ನೋಡಿದ್ರ ಬೀಜದ ಸುತ್ತ ಬೂದ ಬಣ್ಣದ ಜೇಡರ ಬಲಿ ಹಂಗ ಆಗೇತಿ. ನೀರs ಬೀಳದಾಗ ಇದು ಬಂದಿದ್ದೆಲ್ಲಿಂದ? ಬೀಜದ ತಪ್ಪೋ, ಹೊಲದಾಗಿನ ರೋಗಾನೋ? ಯಾರಿಗರ ಗೊತ್ತಿದ್ರ ಹೇಳ್ರಿ.

ಗದಗ ಗಾಳಿ
ಫೋಟೋ ಹಾಕ್ರಿ ಅಣ್ಣಾರ. ಫೋಟೋ ಇಲ್ಲದ ಮಂದಿ ತಲಿಗೊಂದ ಔಷಧ ಹೇಳಿ ಹೋಗತಾರ.

ಎರಿಹೊಲದಾಂವ
ಹಾಕೀನಿ ನೋಡ್ರಿ. ಮೂರನೇದ್ದು ಸೀಳಿದ್ದು.

ಹಳೇ ಕಣ
ತಮ್ಮಾ, ಫೋಟೋ ನೋಡಿದೆ. ರೋಗ ಹೊಲದಿಂದ ಬಂದಿದ್ದಲ್ಲ, ಗುಂಪಿಯಿಂದ ಬಂದಿದ್ದು. ನನಗ ಅರವತ್ತೇಳ ವರ್ಷ, ಈ ತಪ್ಪು ನಾನೂ ಮಾಡೇನಿ, ನಮ್ಮಪ್ಪನೂ ಮಾಡಿದ್ದ. ಬಿಡಿಸಿದ ಹಸಿಕಾಯ್ಯಾಗ ನೂರಕ್ಕ ಅರವತ್ತೈದ ಎಪ್ಪತ್ತ ಪಾಲು ನೀರs ಇರತೈತಿ. ನೂರ ಕಿಲೋ ಹಸಿಕಾಯಿ ಒಣಗಿ ಕಡೀಕ ಕೈಯಾಗ ಉಳಿಯೋದು ಇಪ್ಪತ್ತೈದು, ಭಾಳಂದ್ರ ಮೂವತ್ತೈದ ಕಿಲೋ. ನಿನ್ನ ಹನ್ನೆರಡ ಕ್ವಿಂಟಲ್‌ದಾಗ ಎಂಟ ಕ್ವಿಂಟಲ್ ಬರೇ ನೀರು ಅಂತ ತಿಳಿ. ಎರಡ ದಿನದ ಬಿಸಲಿಗೆ ಅದರಾಗ ಎಷ್ಟ ಹೋಗಿರತೈತಿ? ಉಳದ ನೀರು ಎಲ್ಲಿಗೆ ಹೋಗಬೇಕು? ಬಿಡಿಸಿದ ಕಾಯಿ ಇನ್ನ ಜೀವ ಇರತೈತಿ, ಉಸರಾಡತೈತಿ, ಗುಂಪಿ ಕಾಯತೈತಿ, ಉಗಿ ಏಳತೈತಿ, ಮ್ಯಾಲ ಪ್ಲಾಸ್ಟಿಕ್ ತಂಪ ಇರತೈತಿ, ಅಲ್ಲಿ ಹನಿ ಕಟ್ಟಿ ತಿರುಗಿ ಕಾಯಿ ಮ್ಯಾಲ ಬೀಳತೈತಿ. ಮಳಿ ಹೊರಗ ಬಿತ್ತು ಅಂತೀ. ಒಳಗೂ ಬಿದ್ದೇತಿ, ನಿನಗ ಕಾಣಲಿಲ್ಲ ಅಷ್ಟ.

ಎರಿಹೊಲದಾಂವ
ಕಾಕಾ, ತಾಡಪತ್ರಿ ಒಳಮಗ್ಗಲ ಹಸಿ ಇತ್ತ ನೋಡ್ರಿ. ನಾ ಅದು ಮಳಿ ಸೋರಿದ್ದು ಅಂತ ತಾಡಪತ್ರಿ ಕೊಟ್ಟ ಅಂಗಡಿಯಾಂವಗ ಫೋನ್ ಮಾಡಿ ಬೈದೆ.

ಗದಗ ಗಾಳಿ
😂😂 ಆ ಪುಣ್ಯಾತ್ಮಗ ಇನ್ನೊಮ್ಮೆ ಫೋನ್ ಮಾಡ್ರಿ.

ಬಿಸಿಲು ಬಿದ್ದಾಗ
ಹಳೇ ಕಣ ಕಾಕಾ ಹೇಳಿದ್ದು ಅರ್ಧ ಖರೆ, ಅರ್ಧ ಒಪ್ಪಂಗಿಲ್ಲ. ಬಿಡಿಸಿದ ಕಾಯಿ ಒಂದೆರಡ ರಾತ್ರಿ ಗುಂಪಿ ಹಾಕೋದು ನಮ್ಮ ಕಡೆ ಪದ್ಧತಿನs ಐತಿ, ಅರ್ಧ ಕೆಂಪ ಅರ್ಧ ಹಸರ ಇದ್ದ ಕಾಯಿ ಗುಂಪ್ಯಾಗ ಒಂದs ಬಣ್ಣ ಹಿಡೀತಾವ. ಹಂಗಾದ್ರ ಅದೂ ತಪ್ಪೇನು? ನಮ್ಮವ್ವ ಗುಂಪಿ ಹಾಕದ ಒಣಗಿಸಿದ್ರ ಕಾಯಿ ಬಿಳಿಚತಾವ ಅಂತಾಳ.

ಹಳೇ ಕಣ
ನಿಮ್ಮವ್ವ ಹೇಳೋದು ಸುಳ್ಳಲ್ಲವ್ವಾ. ಬಣ್ಣಕ್ಕ ಗುಂಪಿ ಹಾಕೋದು ಬ್ಯಾರೆ, ಮಳಿಗಂಜಿ ಗುಂಪಿ ಹಾಕೋದು ಬ್ಯಾರೆ. ಬಣ್ಣದ ಗುಂಪಿ ಒಣಾ ಹವಾದಾಗ, ಮೊಳಕಾಲ ಎತ್ತರ ದಾಟಬಾರದು, ಮ್ಯಾಲ ಗೋಣಿತಾಟ ಇಲ್ಲಾ ಹುಲ್ಲು ಹಾಕಬೇಕು, ಉಸರ ಆಡಬೇಕು ಅದು. ಮುಂಜಾನೆ ಕೈ ಮೊಣಕೈತನಕಾ ಒಳಗ ಹಾಕಿ ನೋಡಬೇಕು. ಉಗರಬೆಚ್ಚಗ ಇದ್ರ ನಡೀತೈತಿ, ಕೈ ಬಿಸಿ ಹತ್ತಿದ್ರ ತಕ್ಷಣ ಹರವಬೇಕು, ಹೊತ್ತ ನೋಡಬಾರದು ಮೋಡ ನೋಡಬಾರದು. ನಮ್ಮ ಕಾಲದಾಗ ಥರ್ಮಾಮೀಟರ್ ಅಂದ್ರ ಮೊಣಕೈ.

ಅಡತಿ ಅಂಗಡಿ
ನಾನು ಬ್ಯಾಡಗಿ ಪೇಟ್ಯಾಗ ಲೆಕ್ಕ ಬರಿಯಾಂವ, ಹೆಸರ ಬ್ಯಾಡ್ರಿ. ಇಲ್ಲಿ ಒಂದ ಮಾತ ಖಡಕ್ ಹೇಳ್ತೇನಿ. ಆ ಬೂಸರ ಹಿಡಿದ ಕಾಯಿ ಬಿಸಲಿಗೆ ಹಾಕಿ ಒಣಗಿಸಿ ಒರಸಿ ಚೊಲೊ ಮಾಲಿನಾಗ ಕೂಡಿಸೋ ವಿಚಾರ ಇದ್ರ ಬಿಟ್ಟ ಬಿಡ್ರಿ. ಅದರಾಗ ಅಫ್ಲಾಟಾಕ್ಸಿನ್ ಅಂತ ವಿಷ ಕಟ್ಟತೈತಿ, ಆಸ್ಪರ್‌ಜಿಲಸ್ ಅನ್ನೋ ಬೂಸರ ಮಾಡೋದು ಅದು, ಲಿವರ್‌ಗೆ ಬಡೀತೈತಿ. ಬೂಸರ ಸತ್ರೂ ವಿಷ ಸಾಯಂಗಿಲ್ಲ, ತೊಳದ್ರ ಹೋಗಂಗಿಲ್ಲ, ಹುರದ್ರೂ ಪೂರಾ ಹೋಗಂಗಿಲ್ಲ. ಯುರೋಪಿಗೆ ಹೋಗೋ ಮಸಾಲಿಗೆ ಬಿ1 ಅನ್ನೋ ಅಫ್ಲಾಟಾಕ್ಸಿನ್ ಕಿಲೋಕ್ಕ 5 ಮೈಕ್ರೋಗ್ರಾಂ, ಎಲ್ಲಾ ಥರದ ಅಫ್ಲಾಟಾಕ್ಸಿನ್ ಕೂಡಿ 10 ಮೈಕ್ರೋಗ್ರಾಂ ದಾಟಬಾರದು ಅಂತ ಕಾಯ್ದೆ ಐತಿ. ಒಂದ ಟನ್ನಿನಾಗ ಹತ್ತ ಮಿಲಿಗ್ರಾಂ ಅಂತ ಲೆಕ್ಕ ಹಾಕ್ರಿ, ಉಗರಿನ ಮ್ಯಾಲ ಕೂಡೋಷ್ಟೂ ಇಲ್ಲ ಅದು. ನಿಮ್ಮ ಒಂದ ಬುಟ್ಟಿ ಕೆಟ್ಟ ಕಾಯಿ ಇನ್ನೊಬ್ಬನ ಲಾರಿ ಮಾಲ ಹೊಡೀತೈತಿ.

ಕಾರಹುಣ್ಣಿಮಿ
ಸಾಹೇಬ್ರ, ದೊಡ್ಡ ಮಾತು ಸಾಕು. ಪೇಟ್ಯಾಗ ನೀರ ಹೊಡದು ತೂಕ ಹೆಚ್ಚ ಮಾಡಿದ ಕಾಯಿ ದಿನಾ ಬರತಾವ, ಎಣ್ಣಿ ಸವರಿ ಮಿಂಚಿಸಿದ್ದೂ ಬರತಾವ, ಅವನ್ನ ಯಾರ ತಗೋತಾರ? ನೀವs. ರೈತ ಒಂದ ಬುಟ್ಟಿ ಕೂಡಿಸಿದ್ರ ಮಾತ್ರ ಕಾಯ್ದೆ ನೆನಪ ಆಗತೈತಿ.

ಅಡತಿ ಅಂಗಡಿ
ತಗೋಳಾಂವ ನಾನಲ್ರಿ, ಟೆಂಡರ್ ಬರಿಯೋ ಖರೀದಿದಾರ. ನೀರ ಹೊಡದ ಮಾಲ ಮುಟ್ಟಿದ್ರ ಗೊತ್ತಾಗತೈತಿ, ರೇಟ್ ಅಷ್ಟs ಇಳೀತೈತಿ, ಕೋಲ್ಡ್ ಸ್ಟೋರೇಜಿನಾಗ ಇಡಾಕೂ ಬರಂಗಿಲ್ಲ. ಆದ್ರ ನಿಮ್ಮ ಸಿಟ್ಟು ಸುಳ್ಳಲ್ಲ, ಹಸಿ ಮಾಲಿಗೂ ಒಣಾ ಮಾಲಿಗೂ ರೇಟಿನ ಫರಕ ಸಾಲೋದಿಲ್ಲ ಅಂದ್ರ ಯಾಂವ ಒಣಗಿಸತಾನ. ಅದನ್ನ ನಾನೂ ಒಪ್ಪತೇನಿ.

ಶಿಗ್ಗಾಂವಿ ಅಕ್ಕ
ಜಗಳ ಆಮ್ಯಾಲ ಮಾಡ್ರಿ, ಆ ಹುಡುಗನ ಕಾಯಿ ಇನ್ನೂ ಕಣದಾಗ ಬಿದ್ದಾವ. ತಮ್ಮಾ, ಈಗ ಇಷ್ಟ ಮಾಡು. ಮೊದಲ ಎಲ್ಲಾ ಹರವು, ಮೂರ ಬಟ್ಟಿನ ದಪ್ಪ ದಾಟಬಾರದು. ಆಮ್ಯಾಲ ನಾಕ ಹೆಣ್ಣಮಕ್ಕಳನ್ನ ಕೂಡಿಸಿ ಆರಿಸು. ಮ್ಯಾಲ ಬೂಸರ ಕಂಡಿದ್ದು, ಒಡದಿದ್ದು, ತುಂಬಿನ (ತೊಟ್ಟಿನ) ಹತ್ತಿರ ಕರ್ರಗಾಗಿದ್ದು, ಒತ್ತಿದ್ರ ಪಚಕ್ ಅನ್ನೋದು ಎಲ್ಲಾ ಬ್ಯಾರೆ. ಹೊರಗ ಚೊಲೊ ಕಾಣೋದ್ರಾಗೂ ಗುಂಪಿಯ ಬ್ಯಾರೆ ಬ್ಯಾರೆ ಕಡೆಯಿಂದ ಹಿಡಿ ಹಿಡಿ ತಗದು ಸೀಳಿ ನೋಡು. ಯಾವ ಮಗ್ಗಲಿಂದು ಹೆಚ್ಚ ಕೆಟ್ಟೇತಿ ಆ ಮಗ್ಗಲಿಂದು ಪೂರಾ ತಗದ್ ಬಿಡು, ಸಂಕಟ ಆಗತೈತಿ, ಆದ್ರೂ ತಗಿ. ತಗದಿದ್ದನ್ನ ತಿಪ್ಪಿಗೆ ಹಾಕಿ ಮಣ್ಣ ಮುಚ್ಚು, ದನದ ಬಾಯಿಗೆ ಸಿಗಬಾರದು, ಆ ವಿಷ ಹಾಲಿನಾಗೂ ಇಳೀತೈತಿ. ಬೆಂಕಿ ಮಾತ್ರ ಹಚ್ಚಬ್ಯಾಡ. ನಮ್ಮ ಓಣ್ಯಾಗ ಒಬ್ಬ ಪುಣ್ಯಾತ್ಮ ಹಚ್ಚಿ ಇಡೀ ಓಣಿ ಕೆಮ್ಮಿ ಕೆಮ್ಮಿ ಅವನ ಮನಿಗೆ ಬೈಯಾಕ ಹೋಗಿತ್ತು, ಬೈಯಾಕೂ ಆಗಲಿಲ್ಲ ಕೆಮ್ಮಿನಾಗ.

ಎರಿಹೊಲದಾಂವ
ಅಕ್ಕಾರ, ಆರಿಸಾಕತ್ತೇವಿ. ನಮ್ಮವ್ವ, ನನ್ನ ಹೆಂಡ್ತಿ, ಇನ್ನಿಬ್ಬರು ಕೂಲಿಯವರು. ಒಂದ ವಿಚಿತ್ರ ಕಂಡೇತಿ, ಗುಂಪಿಯ ನಟ್ಟನಡಕಿನ ಕಾಯಿ ಅಷ್ಟ ಕೆಟ್ಟಿಲ್ಲ, ಮ್ಯಾಲಿನ ಒಂದ ಗೇಣು ಮತ್ತ ತಳದ ಪದರ ಭಾಳ ಕೆಟ್ಟಾವ.

ಹಳೇ ಕಣ
ಮ್ಯಾಲಿಂದಕ್ಕ ತಾಡಪತ್ರಿ ಹನಿ. ತಳದ್ದಕ್ಕ ಎರಿ ಮಣ್ಣಿನ ತಂಪು. ಕಣಾ ಸಾರಿಸಿ ಬಿಟ್ಟಿದ್ದೇನು, ಇಲ್ಲಾ ಕೆಳಗ ಏನರ ಹಾಸಿದ್ದೆ?

ಎರಿಹೊಲದಾಂವ
ಬರೇ ಸಗಣಿ ಸಾರಿಸಿದ ಕಣ ಕಾಕಾ.

ಹಳೇ ಕಣ
ಅದs ನೋಡು. ಎರಿ ಮಣ್ಣು ಮಳಿ ಕುಡದು ವಾರಗಟ್ಟಲೆ ಕಾರತಿರತೈತಿ. ಚಳಿಗಾಲದಾಗ ನಡೀತಿತ್ತು, ಮಳ್ಯಾಗ ನಡಿಯಂಗಿಲ್ಲ.

ಮಸಾರಿ ಮಣ್ಣು
ನನ್ನ ಪ್ರಶ್ನಿ ಬ್ಯಾರೆ. ಹವಾಮಾನದವ್ರು ಬಂಗಾಳಕೊಲ್ಲಿ ಕಡೆ ವಾಯುಭಾರ ಕುಸಿತ ಅಂತ ನಾಕೈದ ದಿನ ಮೊದಲs ಹೇಳತಾರ. ಅಷ್ಟ ಗೊತ್ತಿದ್ದ ಮ್ಯಾಲೂ ಯಾಕ ಬಿಡಿಸಬೇಕು? ಗಿಡದ ಮ್ಯಾಲ ಬಿಟ್ರ ಗಿಡಾನs ಒಣಗಿಸಿ ಕೊಡತೈತಿ. ನಮ್ಮ ಹಾವೇರಿ ಕಡೆ ಕಾಯಿ ಗಿಡದ ಮ್ಯಾಲ ಬಾಡಿ ಸುಕ್ಕ ಬಿದ್ದ ಮ್ಯಾಲನs ಬಿಡಿಸೋದು, ಕಣಕ್ಕ ಬರೋ ಹೊತ್ತಿಗೆ ಅರ್ಧ ಕೆಲಸ ಮುಗದಿರತೈತಿ.

ಗದಗ ಗಾಳಿ
ಬಿಟ್ಟ ನೋಡ್ರಿ 2021ರ ನವೆಂಬರ್ ಹಂಗ. ಗಿಡದ ಮ್ಯಾಲ ಹಣ್ಣಾಗಿ ನಿಂತ ಕಾಯಿ ಅಲ್ಲೇ ಕೊಳತು, ತುಂಬು ಕಳಚಿ ಕೆಸರಾಗ ಉದುರಿ ಹೋತು, ನಮ್ಮ ಹೊಲದಾಗ ಬಿಡಿಸೋ ಕೂಲಿನೂ ಹುಟ್ಟಲಿಲ್ಲ. ಆ ವರ್ಷ ಕಪ್ಪು ಥ್ರಿಪ್ಸ್ ಅನ್ನೋ ಸಣ್ಣ ಹುಳ ಬ್ಯಾರೆ ಬಂದಿತ್ತು, ಹೂವಿನಾಗs ಕುಂತ ತಿಂತು. ಗಿಡ ಒಣಗಿಸಿ ಕೊಡತೈತಿ ಅನ್ನೋದು ಆಕಾಶ ನಿಚ್ಚಳ ಇದ್ದಾಗಿನ ಮಾತು.

ಮಸಾರಿ ಮಣ್ಣು
ಕೊಳತಿದ್ದು ಚಿಬ್ಬು ರೋಗಕ್ಕ, ಮಳಿಗೆ ಅಲ್ಲ.

ಗದಗ ಗಾಳಿ
ಚಿಬ್ಬು ಬರೋದs ಮಳ್ಯಾಗ ಅಲ್ರೀ! ಹನಿ ಸಿಡದು ಒಂದ ಕಾಯಿಂದ ಇನ್ನೊಂದಕ್ಕ ಹತ್ತತೈತಿ.

ತೋಟಗಾರಿಕೆ ವಿದ್ಯಾರ್ಥಿ
ಇಬ್ಬರದೂ ಸರಿ ಇದೆ, ಸ್ವಲ್ಪ ಬಿಡಿಸಿ ಹೇಳ್ತೀನಿ. ಚಿಬ್ಬು ಅಂದ್ರೆ ಕೊಲೆಟೋಟ್ರೈಕಮ್ ಅನ್ನೋ ಶಿಲೀಂಧ್ರ, ಅದು ಹೊಲದ ರೋಗ, ಬೀಜದ ಜೊತೆಗೂ ಬರುತ್ತೆ. ಗುರುತು ಸುಲಭ, ಕೆಂಪಾದ ಕಾಯಿ ಮೇಲೆ ತಗ್ಗು ಬಿದ್ದ ಗುಂಡನೆ ಮಚ್ಚೆ, ಮಚ್ಚೆ ಒಳಗೆ ಉಂಗುರ ಉಂಗುರವಾಗಿ ಕಪ್ಪು ಚುಕ್ಕಿ, ಒಣಗಿದ ಮೇಲೆ ಆ ಭಾಗ ಹುಲ್ಲಿನ ಬಣ್ಣಕ್ಕೆ ತಿರುಗುತ್ತೆ. ಇವರ ಮೂರನೇ ಫೋಟೋದಲ್ಲಿ ಹೊರಗೆ ಮಚ್ಚೆ ಇಲ್ಲ, ಒಳಗೆ ಬೀಜದ ಹತ್ತಿರ ಮಾತ್ರ ಬೂಸರು, ಅದು ಒಣಗಿಸುವಾಗ ಬಂದಿದ್ದು. ಎರಡಕ್ಕೂ ಮದ್ದು ಬೇರೆ. ಚಿಬ್ಬಿಗೆ ಬೀಜೋಪಚಾರ, ಬೋದು ಎತ್ತರಿಸಿ ನೀರು ಬಸಿಯೋ ಹಂಗೆ ಮಾಡೋದು, ಸಾಲಿನ ನಡುವೆ ಗಾಳಿ ಆಡೋ ಅಂತರ, ಕಾಯಿ ಹಿಡಿಯೋ ಹೊತ್ತಿಗೆ ಶಿಲೀಂಧ್ರನಾಶಕ. ಕಣದ ಬೂಸರಿಗೆ ಯಾವ ಔಷಧಾನೂ ಹೊಡೀಬಾರದು, ಅದು ತಿನ್ನೋ ಮಾಲು, ಅದಕ್ಕೆ ಗಾಳಿ ಒಂದೇ ಮದ್ದು. ಹಾವೇರಿ ಜಿಲ್ಲೆಯವರು ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕಾಯಿ ತೋರಿಸಬಹುದು, ಗದಗದವರಿಗೆ ಹುಲಕೋಟಿಯಲ್ಲಿ ಇದೆ, ನಮ್ಮ ಧಾರವಾಡದವರಿಗೆ ವಿಶ್ವವಿದ್ಯಾಲಯವೇ ಇದೆ.

ಕಾರಹುಣ್ಣಿಮಿ
ಬೋದು ಎತ್ತರಿಸೋದು ಅಂತ ಬರದ್ರಿ, ಅದರ ಜೊತಿ ಇನ್ನೊಂದ ಕೂಡಿಸ್ಕೊರಿ. ನಮ್ಮಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರೂ ಒಂದs ಹೊಲದಾಗ ಹಾಕೋದು ಹಿರ್ಯಾರ ಕಾಲದಿಂದ ಐತಿ. ಉಳ್ಳಾಗಡ್ಡಿ ಮೊದಲ ಕಿತ್ತಗೊಂಡ ಹೋಗತೈತಿ, ಆ ಜಾಗಾ ಖಾಲಿ ಆಗಿ ಮೆಣಸಿನ ಗಿಡಕ್ಕ ಗಾಳಿ ಬರತೈತಿ. ಈಗ ಎಲ್ಲಾರೂ ಬರೇ ಮೆಣಸಿನಕಾಯಿ ಹಚ್ಚಿ, ಅದೂ ಒತ್ತಾಗಿ ಹಚ್ಚಿ, ಮಳಿ ಬಂದ್ರ ಅಳ್ತಾರ.

ಮಸಾರಿ ಮಣ್ಣು
ಉಳ್ಳಾಗಡ್ಡಿ ರೇಟ್ ಬಿದ್ದಾಗ ಅಳೋದು ಯಾರು?

ಕಾರಹುಣ್ಣಿಮಿ
ಅದೂ ನಾವs. 🙏

ಶಿಗ್ಗಾಂವಿ ಅಕ್ಕ
ಬಿಡಿಸಬೇಕೋ ಬಿಡಬೇಕೋ ಅನ್ನೋದಕ್ಕ ನಾ ಮಾಡೋದು ಹೇಳತೇನಿ. ಪೂರಾ ಕೆಂಪಾಗಿ ಸುಕ್ಕ ಬಿದ್ದಿದ್ದು ಮಳಿಗಿಂತ ಮೊದಲ ಬಿಡಿಸಿ ಬಿಡತೇನಿ, ಗಟ್ಟಿ ಇದ್ದಿದ್ದು ಗಿಡದ ಮ್ಯಾಲನs ಇರಲಿ, ಅದು ಇನ್ನ ತಡಕೋತೈತಿ. ಆದ್ರ ಬಿಡಿಸೋದು ನನ್ನ ಒಣಗಿಸೋ ಜಾಗಾದಷ್ಟ ಮಾತ್ರ. ಹನ್ನೆರಡ ಕ್ವಿಂಟಲ್ ಒಮ್ಮೆಲೇ ಬಿಡಿಸಿ ನಾಕ ಕ್ವಿಂಟಲ್ ಹರವೋ ಜಾಗಾ ಇದ್ರ ಉಳದ ಎಂಟ ಎಲ್ಲಿ ಇಡತೀ? ಕೂಲಿ ಬಂದಾರ ಅಂತ ಎಲ್ಲಾ ಬಿಡಿಸೋದು ನಮ್ಮ ಮಂದಿ ದೊಡ್ಡ ತಪ್ಪು. ನಮ್ಮ ಮನ್ಯಾಗ ಮೊದಲ ರೇಷ್ಮಿ ಹುಳ ಸಾಕತಿದ್ವಿ, ಈಗ ಬಿಟ್ಟೇವಿ, ಆ ಶೆಡ್ ಹಂಗs ಐತಿ, ಕಬ್ಬಿಣದ ಸ್ಟ್ಯಾಂಡು ನಾಕ ಅಂತಸ್ತು, ನಾಕೂ ಕಡೆ ಕಿಡಕಿ, ಮ್ಯಾಲ ತಗಡು. ಸ್ಟ್ಯಾಂಡಿಗೆ ಹಸರ ನೆಟ್ ಬಿಗದು ಅದರ ಮ್ಯಾಲ ಕಾಯಿ ತೆಳ್ಳಗ ಹರವಿ ಒಂದ ದೊಡ್ಡ ಫ್ಯಾನ್ ಹಚ್ಚಿದ್ರ ಹೊರಗ ಮಳಿ ಹೊಡಕೋತ ಇರಲಿ, ಒಳಗ ಕಾಯಿ ಪೂರಾ ಒಣಗಂಗಿಲ್ಲ ಖರೆ, ಕೆಡಂಗೂ ಇಲ್ಲ. ಕೆಳಗಿಂದನೂ ಗಾಳಿ ಆಡತೈತಲ್ಲಾ. ಬಿಸಲ ಬಿದ್ದ ದಿನ ಹೊರಗ ಒಯ್ದು ಮುಗಿಸೋದು.

ಎರಿಹೊಲದಾಂವ
ಅಕ್ಕಾರ ಇದು ಮಸ್ತ್ ಐತ್ರಿ. ನಮ್ಮಲ್ಲಿ ರೇಷ್ಮಿ ಶೆಡ್ ಇಲ್ಲ, ಹೊಟ್ಟು ತುಂಬೋ ಮನಿ ಒಂದ ಐತಿ.

ಬೆಂಗಳೂರಿನ ಹಾವೇರಿ ಹುಡುಗ
ಪಾಲಿಹೌಸ್ ಡ್ರೈಯರ್ ಹಾಕಿಸ್ಬೋದಲ್ವಾ? ನಮ್ಮ ದೊಡ್ಡಪ್ಪ ಕಳೆದ ವರ್ಷ ಹಾಕ್ಸಿದ್ರು, ಬಿಸಿಲಿದ್ರೆ ಒಳಗೆ ಮಧ್ಯಾಹ್ನ ಐವತ್ತು ಡಿಗ್ರಿ ದಾಟತ್ತೆ, ಧೂಳಿಲ್ಲ, ನಾಯಿ ಕೋಳಿ ಕಾಟ ಇಲ್ಲ, ರಾತ್ರಿ ಎಳೆದು ಮುಚ್ಚೋ ಕೆಲಸಾನೇ ಇಲ್ಲ.

ಹಳೇ ಕಣ
ದೊಡ್ಡಪ್ಪ ಫ್ಯಾನ್ ಹಾಕಿಸ್ಯಾನೋ ಇಲ್ಲೋ ಕೇಳು. ಗಾಳಿ ಹೊರಗ ಒಗಿಯೋ ಫ್ಯಾನ್ ಇಲ್ಲದ ಪಾಲಿಹೌಸ್ ಅಂದ್ರ ನಿಂತಿರೋ ತಾಡಪತ್ರಿ.

ಬೆಂಗಳೂರಿನ ಹಾವೇರಿ ಹುಡುಗ
ಕೇಳಿದೆ. ಮೊದಲ ಸಲ ಇರ್ಲಿಲ್ಲವಂತೆ, ಮೋಡದ ದಿನ ಒಳಗೆಲ್ಲಾ ಹನಿ ಕಟ್ಟಿ ಒಂದು ಲಾಟ್ ಕೆಟ್ಟ ಮೇಲೆ ಎರಡು ಎಕ್ಸಾಸ್ಟ್ ಹಾಕ್ಸಿದ್ರಂತೆ. ಕಾಕಾ ನಿಮಗೆ ಹೇಗೆ ಗೊತ್ತಾಯ್ತು 😅

ಮಸಾರಿ ಮಣ್ಣು
ನಮ್ಮೂರಾಗ ಒಬ್ಬ ತಲಿ ಓಡಿಸಿ ಕಟಗಿ ಒಲಿ ಹಚ್ಚಿ ಕ್ವಾಣ್ಯಾಗ ಒಣಗಿಸಿದ. ಒಣಗಿದ್ದು ಒಣಗಿದ್ವು, ಆದ್ರ ಬಣ್ಣ ಇಟ್ಟಂಗಿ ಹಂಗ ಆತು, ಮ್ಯಾಲ ಹೊಗಿ ವಾಸನಿ.

ಅಡತಿ ಅಂಗಡಿ
ಬ್ಯಾಡಗಿ ಕಾಯಿ ಮಾರಾಟ ಆಗೋದು ಖಾರಕ್ಕಲ್ಲ, ಬಣ್ಣಕ್ಕ. ಕಾಯ್ಯಾಗಿನ ಬಣ್ಣದ ಸತ್ವ ತಗಿಯೋ ಓಲಿಯೋರೆಸಿನ್ ಕಂಪನಿಯವ್ರು ಬಣ್ಣ ಅಳಿಯೋದು ಆಸ್ಟಾ ಅನ್ನೋ ಅಂಕಿಯಿಂದ, ಚೊಲೊ ಡಬ್ಬಿ, ಕಡ್ಡಿ ತಳಿಯ ಕಾಯಿ 150 ದಾಟಿ ಬರತಾವ. ಉರಿ ಹೆಚ್ಚಾದ್ರ ಆ ಬಣ್ಣ ಕಂದಗಾಗತೈತಿ, ಅರವತ್ತ ಡಿಗ್ರಿ ದಾಟಿಸಬಾರದು. ಹಂಗಂತ ಇಪ್ಪತ್ತ ದಿನ ಬಿಸಲಾಗ ಬಿಟ್ರ ಬೆಳಕs ಬಣ್ಣ ತಿಂತೈತಿ, ಬಿಳಿಚತಾವ. ಬ್ಯಾಡಗಿಗೆ 2011ರಾಗ ಈ ಸೀಮಿಯ ಮಾಲು ಅನ್ನೋ ಜಿಐ ಟ್ಯಾಗ್ ಸಿಕ್ಕಿದ್ದೂ ಈ ಬಣ್ಣ, ಈ ಸುಕ್ಕಿನ ಸಲುವಾಗಿ. ಅದು ಹೋತು ಅಂದ್ರ ನಿಮ್ಮ ಕಾಯಿ ಬರೇ ಕಾಯಿ.

ತೋಟಗಾರಿಕೆ ವಿದ್ಯಾರ್ಥಿ
ಬೇಗ ಒಣಗಿಸೋಕೆ ಇನ್ನೊಂದು ದಾರಿ ಇದೆ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಹಳೇ ಪದ್ಧತಿ. ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಶೇಂಗಾ ಎಣ್ಣೆ ಸೇರಿಸಿದ ನೀರಲ್ಲಿ ಕಾಯಿ ಅದ್ದಿ ತೆಗೆಯೋದು, ಡಿಪ್ಸಾಲ್ ಅಂತ ಹೆಸರು. ಕಾಯಿ ಸಿಪ್ಪೆ ಮೇಲೆ ಮೇಣದ ಪದರ ಇರುತ್ತೆ, ಅದು ನೀರು ಹೊರಗೆ ಬಿಡಲ್ಲ, ಈ ದ್ರಾವಣ ಆ ಪದರ ಸಡಿಲ ಮಾಡುತ್ತೆ. ಅಳತೆ ತಪ್ಪಿದ್ರೆ ಕಷ್ಟ, ತರಬೇತಿ ಇಲ್ಲದೆ ಮಾಡಬೇಡಿ.

ಕಾರಹುಣ್ಣಿಮಿ
ಎಣ್ಣಿ ಸವರೋರಿಗೆ ಈಗ ಸರ್ಟಿಫಿಕೇಟ್ ಸಿಕ್ಕಂಗ ಆತು.

ವಿದ್ಯಾನಗರ ಕಾಕು
ನಾನು ಹುಬ್ಬಳ್ಳಿಯಾಕಿ, ಹೊಲಾ ಗಿಲಾ ಇಲ್ರಿ. ವರ್ಷಾ ಐದ ಕಿಲೋ ಕಾಯಿ ತಂದು ಮಾಳಿಗಿ ಮ್ಯಾಲ ಒಣಗಿಸಿ ಖಾರಪುಡಿ ಕುಟ್ಟಿಸತೇನಿ. ಮಳಿ ಬಂದಾಗ ಒಳಗ ತಂದು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಬಿಗಿ ಮುಚ್ಚಿ ಇಡತಿದ್ದೆ, ಪ್ರತಿ ಸಲ ಒಂದ ಥರಾ ವಾಸನಿ. ಇದನ್ನ ಓದಿದ ಮ್ಯಾಲ ತಿಳೀತು ನನ್ನ ಡಬ್ಬಿನೂ ತಾಡಪತ್ರಿನs ಅಂತ. ಒಣಗೇತಿ ಅಂತ ಹೆಂಗ ತಿಳಕೊಳ್ಳೋದ್ರಿ? ಅಲುಗಾಡಿಸಿದ್ರ ಬೀಜ ಗಲಗಲ ಅಂದ್ರ ಸಾಕಾ?

ಶಿಗ್ಗಾಂವಿ ಅಕ್ಕ
ಕಾಕು, ಬೀಜದ ಸಪ್ಪಳ ಮೊದಲನೇ ಗುರುತು, ಅದೊಂದನ್ನs ನಂಬಬ್ಯಾಡ್ರಿ. ತುಂಬಿನ ಬುಡಕ್ಕ ಬೆರಳ ಹಾಕಿ ಒತ್ತಿ ನೋಡ್ರಿ, ನೀರು ಕಡೀಕ ಹೋಗೋದು ಅಲ್ಲಿಂದ. ಸಿಪ್ಪಿ ಒಣಗಿ ಬುಡ ಇನ್ನ ಮೆತ್ತಗಿದ್ರ ಒಣಗಿಲ್ಲ. ಮಾರೋ ಕಾಯಿ ನೂರಕ್ಕ ಹತ್ತ ಹನ್ನೊಂದ ಪಾಲು ತೇವಕ್ಕ ನಿಲ್ಲಿಸತೇವಿ, ಮುಷ್ಟ್ಯಾಗ ಹಿಡದ್ರ ಬಾಗಬೇಕು, ಮುರಿಬಾರದು. ಖಾರಪುಡಿಗೆ ಆದ್ರ ಇನ್ನ ಒಂದ ದಿನ ಹೆಚ್ಚ ಒಣಗಿಸ್ರಿ, ಪಟ್ ಅಂತ ಮುರಿಯೋ ಹಂಗ. ಮಳ್ಯಾಗ ಡಬ್ಬಿ ಬ್ಯಾಡ, ಮೊರದಾಗ ಹಾಕಿ ಫ್ಯಾನ್ ಕೆಳಗ ಇಡ್ರಿ.

ಎರಿಹೊಲದಾಂವ
ಒಂಬತ್ತ ದಿನ ಆತು, ಬರೀಬೇಕು ಅನ್ನಿಸ್ತು. ಹನ್ನೆರಡ ಕ್ವಿಂಟಲ್‌ದಾಗ ಆರಿಸಿ ತಗದು ತಿಪ್ಪಿಗೆ ಹಾಕಿದ್ದು ಹತ್ತಿರ ಹತ್ತಿರ ನಾಕ ಕ್ವಿಂಟಲ್ ಹಸಿ. ತಿಪ್ಪಿಗೆ ಹಾಕೋ ಮುಂದ ನಮ್ಮವ್ವ ಮಾತಾಡಲಿಲ್ಲ, ಒಂದ ಕಾಯಿ ತಗೊಂಡು ಸೆರಗಿಗೆ ಒರಸಿ ನೋಡಿ ತಿರುಗಿ ಒಗದ್ಲು. ಉಳದಿದ್ದು ಒಣಗಿ ಎರಡೂವರಿ ಕ್ವಿಂಟಲ್ ಆಗೇತಿ, ಹೋದ ಗುರುವಾರ ಬ್ಯಾಡಗಿಗೆ ಒಯ್ದಿದ್ದೆ, ರೇಟ್ ಬಗ್ಗೆ ಬರಿಯೋದಿಲ್ಲ ಬಿಡ್ರಿ.

ಎರಡನೇ ಸಲ ಬಿಡಿಸಿದ್ದು ಮೂರs ಕ್ವಿಂಟಲ್, ಅಕ್ಕಾರ ಹೇಳಿದಂಗ ಸುಕ್ಕ ಬಿದ್ದಿದ್ದಷ್ಟ. ಹೊಟ್ಟಿನ ಮನಿ ಖಾಲಿ ಮಾಡಿ ಹಳೇ ಮಂಚ ಮೂರು, ಬಿದಿರ ಗಳ, ಅದರ ಮ್ಯಾಲ ಹಸರ ನೆಟ್, ಬಾಗಲದಾಗ ಟೇಬಲ್ ಫ್ಯಾನ್ ಹೊರಗ ಮಾರಿ ಮಾಡಿ ಇಟ್ಟೇನಿ. ಮೊನ್ನೆ ರಾತ್ರಿ ತಟಗ ಮಳಿ ಬಂತು. ಎರಡ ಗಂಟೆಗೆ ಎದ್ದು ಹೋಗಿ ಮೊಣಕೈತನಕಾ ಕೈ ಹಾಕಿ ನೋಡಾಕ ಹೋದೆ, ಗುಂಪಿನs ಇಲ್ಲ, ಕೈ ನೆಟ್‌ಗೆ ಬಡೀತು.

ಹಳೇ ಕಣ
ಕರೆಂಟ್ ಹೋದ್ರ ಏನ ಮಾಡತೀ?

ಎರಿಹೊಲದಾಂವ
ಹೋಗಿತ್ತ ಕಾಕಾ, ಎರಡ ತಾಸು. ಎರಡೂ ಬಾಗಲ ತಗದು ಮೊರಾ ಹಿಡದು ಬೀಸಿಕೋತ ಕುಂತಿದ್ದೆ, ಹೆಂಡ್ತಿ ನೋಡಿ ನಕ್ಕಳು.

ವಿದ್ಯಾನಗರ ಕಾಕು
ತಮ್ಮಾ, ಆ ಎರಡನೇ ಲಾಟಿನಾಗ ನನಗ ಐದ ಕಿಲೋ ತಗದಿಡು. ತುಂಬು ತಗೀಬ್ಯಾಡ, ನಾನs ಬಿಡಿಸ್ಕೋತೇನಿ. ಹುಬ್ಬಳ್ಳಿಗೆ ಬಂದಾಗ ಹೇಳು.